ಧೂಮವಿರಾಮಾಧಿಕಾರ ನಿರ್ಣಯ

ಕಚೇರಿಯ ನೌಕರನು ಕೆಲಸದ ನಡುವೆ ಎದ್ದುಹೋಗಿ ಸಿಗರೇಟು ಸೇದಿ ಬರುವುದು ಅವನ ಹಕ್ಕೋ, ಸವಲತ್ತೋ, ಅಥವಾ ಮೇಲಧಿಕಾರಿಯು ಕಂಡೂ ಕಾಣದಂತಿದ್ದು ಪೋಷಿಸಿಕೊಂಡು ಬಂದ ಸಂಪ್ರದಾಯವೋ ಎಂಬ ಪ್ರಶ್ನೆಯು ಇದುವರೆಗೆ ಶಾಸ್ತ್ರೀಯ ವಿವೇಚನೆಗೆ ಒಳಗಾಗದೆ, ಗೂಡಂಗಡಿಯ ಮುಂದೆ ನಿಂತವರ ಬಾಯಲ್ಲಷ್ಟೇ ಚರ್ಚೆಗೊಂಡು, ಸಿಗರೇಟು ಮುಗಿದೊಡನೆ ತಾನೂ ಮುಗಿಯುತ್ತ ಬಂದಿದೆ. ಇಲ್ಲಿ ಧೂಮವಿರಾಮವೆಂದರೆ, ಕುರ್ಚಿಯ ಬೆನ್ನಿಗೆ ಸ್ವೆಟರನ್ನು ತೂಗುಹಾಕಿ ತಾನು ಅಲ್ಲೇ ಎಲ್ಲೋ ಇದ್ದೇನೆಂಬ ಭ್ರಮೆಯನ್ನು ಉಳಿಸಿ, ಕಟ್ಟಡದಿಂದ ಹೊರಬಿದ್ದು, ಒಂದು ದಮ್ಮು ಹೊಡೆದು, ಏಲಕ್ಕಿಯನ್ನೋ ಪೆಪ್ಪರಮಿಂಟನ್ನೋ ಪ್ರಾಯಶ್ಚಿತ್ತರೂಪವಾಗಿ ಬಾಯಿಗೆ ಹಾಕಿಕೊಂಡು ಮರಳುವವರೆಗಿನ ಕಾಲಾವಧಿ; ಲಿಫ್ಟಿಗಾಗಿ ಕಾದ ಹೊತ್ತು ಇದರಲ್ಲಿ ಸೇರುತ್ತದೆಯೇ ಎಂಬ ಬಗ್ಗೆ ಭಿನ್ನಮತವಿದೆ.

ಪೂರ್ವಪಕ್ಷಿಗಳು, ಅಂದರೆ ಸೇದುವವರು, ಮೀಮಾಂಸಕರ ಕರ್ಮವಿಭಾಗವನ್ನು ಆಶ್ರಯಿಸುತ್ತಾರೆ. ಬೆಳಗಿನ ಹನ್ನೊಂದರ ಸಿಗರೇಟು ನಿತ್ಯಕರ್ಮ: ಮಾಡಿದರೆ ವಿಶೇಷ ಫಲವಿಲ್ಲ, ಮಾಡದಿದ್ದರೆ ಕೈನಡುಕ, ಸಿಡುಕು, ಲೆಕ್ಕದಲ್ಲಿ ತಪ್ಪು ಮುಂತಾದ ಪ್ರತ್ಯವಾಯ ತಪ್ಪದು. ಮೇಲಧಿಕಾರಿಯು ಬೈದಾಗ, ಸರ್ವರ್ ಕೈಕೊಟ್ಟಾಗ ಸೇದುವುದು ನೈಮಿತ್ತಿಕ, ಗ್ರಹಣಕಾಲದ ಸ್ನಾನವಿದ್ದ ಹಾಗೆ. ವರ್ಗಾವಣೆಯ ಪಟ್ಟಿಯಲ್ಲಿ ಯಾರ ಹೆಸರಿದೆಯೆಂಬುದನ್ನು ತಿಳಿಯುವ ಆಸೆಯಿಂದ, ತಿಳಿದವನೊಬ್ಬನು ಕೆಳಗಿಳಿಯುವುದನ್ನೇ ಕಾದು ಅವನ ಹಿಂದೆ ಹೊರಡುವುದು ಕಾಮ್ಯ. ಇನ್ನು ಅಧಿಕಾರಿ ಯಾರೆಂಬುದಕ್ಕೆ ಅರ್ಥಿತ್ವ, ಸಾಮರ್ಥ್ಯ, ವಿದ್ಯೆ ಎಂಬ ಮೂರು ಲಕ್ಷಣಗಳನ್ನು ಹೇಳುವುದು ವಾಡಿಕೆಯಾದ್ದರಿಂದ, ಚಟವಿರುವವನು, ಕಿಸೆಯಲ್ಲಿ ಚಿಲ್ಲರೆಯುಳ್ಳವನು, ಸಾಲ ಕೊಡುವ ಗೂಡಂಗಡಿಯ ದಾರಿ ಬಲ್ಲವನು ಈ ಕರ್ಮಕ್ಕೆ ಅಧಿಕಾರಿಯೆಂದು ಸಿದ್ಧವಾಗುತ್ತದೆ. ಬೆಂಕಿಪೊಟ್ಟಣವು ಇರಲೇಬೇಕೆಂದಿಲ್ಲ; ಅದನ್ನು ಪಕ್ಕದವನಿಂದ ಪಡೆಯುವುದೇ ಶಿಷ್ಟಾಚಾರ.

ಶಾಸನಪ್ರಮಾಣವನ್ನು ನೋಡಿದರೆ, 1948ರ ಕಾರ್ಖಾನೆಗಳ ಕಾಯಿದೆಯು ಯಾವ ಕಾರ್ಮಿಕನನ್ನೂ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದೆಂದೂ, ಅದಕ್ಕೆ ಮೊದಲು ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡಬೇಕೆಂದೂ ವಿಧಿಸಿತ್ತು. ಆ ಬಿಡುವಿನಲ್ಲಿ ಅವನು ಉಣ್ಣಬೇಕೋ, ಮಲಗಬೇಕೋ, ಸೇದಬೇಕೋ ಎಂಬ ವಿಷಯದಲ್ಲಿ ಕಾಯಿದೆಯು ಮೌನ ವಹಿಸಿತ್ತು. ಮೌನವನ್ನು ಸಮ್ಮತಿಯ ಲಕ್ಷಣವೆಂದು ಕೊಂಡರೂ ಪೂರ್ವಪಕ್ಷಕ್ಕೆ ಲಾಭವಿಲ್ಲ. ಏಕೆಂದರೆ ಅವರು ಊಟದ ಬಿಡುವನ್ನು ಬಿಟ್ಟುಕೊಟ್ಟು ಧೂಮವಿರಾಮವನ್ನು ಕೇಳುತ್ತಿಲ್ಲ, ಎರಡನ್ನೂ ಕೇಳುತ್ತಿದ್ದಾರೆ.

ವಿಚಾರದ ನಿಜವಾದ ಗಂಟು ಇರುವುದು ಬೇರೆಡೆ. ಗುಮಾಸ್ತನು ಮೇಜಿನ ಮೇಲೆ ಬೂದಿಬಟ್ಟಲನ್ನಿಟ್ಟುಕೊಂಡು, ಒಂದು ಕೈಯಲ್ಲಿ ಟಿಪ್ಪಣಿ ಬರೆಯುತ್ತ ಇನ್ನೊಂದರಲ್ಲಿ ಸೇದುತ್ತಿದ್ದ ಕಾಲದಲ್ಲಿ ಧೂಮವಿತ್ತೇ ಹೊರತು ವಿರಾಮವಿರಲಿಲ್ಲ. 2003ರ ತಂಬಾಕು ನಿಯಂತ್ರಣ ಕಾಯಿದೆಯೂ, ಅದರಡಿ 2008ರ ಅಕ್ಟೋಬರ್ 2ರಂದು, ಅಂದರೆ ಗಾಂಧಿ ಜಯಂತಿಯ ದಿನ, ಜಾರಿಗೆ ಬಂದ ನಿಯಮಗಳೂ ಕೆಲಸದ ಸ್ಥಳವನ್ನು ಸಾರ್ವಜನಿಕ ಸ್ಥಳಗಳ ಪಟ್ಟಿಗೆ ಸೇರಿಸಿ, ಬೂದಿಬಟ್ಟಲು, ಬೆಂಕಿಕಡ್ಡಿ, ಲೈಟರುಗಳನ್ನು ಅಲ್ಲಿ ಒದಗಿಸಕೂಡದೆಂದು ವಿಧಿಸಿ, 60 ಸೆಂಟಿಮೀಟರ್ ಉದ್ದ 30 ಸೆಂಟಿಮೀಟರ್ ಅಗಲಕ್ಕೆ ಕಡಿಮೆಯಿಲ್ಲದ ಧೂಮಪಾನನಿಷೇಧದ ಫಲಕವನ್ನು ತೂಗುಹಾಕಿಸಿದವು. ಹೀಗೆ ಹೊಗೆಯನ್ನು ಹೊರಗಟ್ಟಿದಾಗ ಅದರ ಬೆನ್ನಿಗೆ ನೌಕರನೂ ಹೊರಗೆ ಹೋದನು. ಧೂಮವಿರಾಮದ ತಂದೆ ಚಟವಾದರೆ ತಾಯಿ ನಿಷೇಧ. ಈ ಸಂತಾನದ ಬಗ್ಗೆ ಶಾಸನಕರ್ತರು ಯೋಚಿಸಿದ್ದ ಕುರುಹು ಕಾಯಿದೆಯಲ್ಲೆಲ್ಲೂ ಇಲ್ಲ.

ಸೇದುವವರಿಗೆ ಸಿಗುವ ಹೆಚ್ಚಿನ ಬಿಡುವು ತಮಗಿಲ್ಲವೆಂಬ ಸೇದದವರ ಆಕ್ಷೇಪವನ್ನು ಲಘುವಾಗಿ ಎಣಿಸಲಾಗದು. ಜಪಾನಿನ ಟೋಕಿಯೊದಲ್ಲಿ ಪಿಯಾಲಾ ಎಂಬ ಕಂಪನಿಯು 2017ರಲ್ಲಿ ಇಂಥ ದೂರನ್ನು ಮನ್ನಿಸಿ, ಸೇದದ ನೌಕರರಿಗೆ ವರ್ಷಕ್ಕೆ ಆರು ದಿನಗಳ ಹೆಚ್ಚುವರಿ ರಜೆಯನ್ನು ಕೊಟ್ಟಿತು. ಆ ಕಚೇರಿ 29ನೆಯ ಮಹಡಿಯಲ್ಲಿದ್ದು, ಸೇದುವವರು ನೆಲಮಾಳಿಗೆಯವರೆಗೆ ಇಳಿದು ಬರಬೇಕಾಗಿತ್ತೆಂಬುದನ್ನು ಗಮನಿಸಿದರೆ ಮೇಲೆ ಹೇಳಿದ ಲಿಫ್ಟಿನ ವಿವಾದವು ಕೇವಲ ಶುಷ್ಕತರ್ಕವಲ್ಲವೆಂದು ಮನವರಿಕೆಯಾಗುತ್ತದೆ. ನಮ್ಮಲ್ಲಿ ಈ ಪರಿಹಾರವು ನಿಲ್ಲುವುದು ಕಷ್ಟ. ರಜೆ ಸಿಗುವುದೆಂದರೆ ಮೂವತ್ತು ವರ್ಷದಿಂದ ಸೇದುತ್ತಿರುವವನೂ ತಾನು ಸೇದುವವನಲ್ಲವೆಂದು ಗೆಜೆಟೆಡ್ ಅಧಿಕಾರಿಯ ಸಹಿಯೊಡನೆ ಪ್ರಮಾಣಪತ್ರ ತಂದಾನು, ಸಹಿ ಹಾಕಿದ ಅಧಿಕಾರಿಯೂ ಅವನೊಡನೆ ಕೆಳಗಿಳಿದಾನು.

ಸೇದದೆಯೂ ಸೇದುವವನ ಜೊತೆ ಹೋಗುವ ಮೂರನೆಯ ವರ್ಗವೊಂದಿದ್ದು, ಲೋಕದಲ್ಲಿ ಇದಕ್ಕೆ ಕಂಪನಿ ಕೊಡುವುದೆಂದು ಹೆಸರು. ಬೈಟು ಕಾಫಿಯೊಂದನ್ನು ಹಿಡಿದು ಗಾಳಿಯ ಎದುರು ದಿಕ್ಕಿಗೆ ನಿಲ್ಲುವ ಇವನು ಶ್ವಾಸಕೋಶವನ್ನು ತಕ್ಕಮಟ್ಟಿಗೆ ಉಳಿಸಿಕೊಂಡು ಸುದ್ದಿಯನ್ನೆಲ್ಲ ಸಂಪಾದಿಸುವುದರಿಂದ, ಮೂವರಲ್ಲಿ ಇವನೇ ಜಾಣನೆಂಬುದು ಪ್ರಬಂಧಕಾರನ ಖಚಿತ ಮತ.

ಆದ್ದರಿಂದ ಸಿದ್ಧಾಂತವೇನೆಂದರೆ, ವಿರಾಮವು ದುಡಿಯುವವನಿಗೆ ಸೇರಿದ್ದು, ಸಿಗರೇಟಿಗೆ ಸೇರಿದ್ದಲ್ಲ. ಹನ್ನೊಂದು ಗಂಟೆಗೆ ಕೆಳಗಿಳಿಯುವ ಅಧಿಕಾರವು ಸೇದುವವನಿಗೆ ಎಷ್ಟಿದೆಯೋ, ಕೈಬೀಸಿಕೊಂಡು ಹೋಗಿ ಮರದ ಕೆಳಗೆ ನಿಂತು ಬರುವವನಿಗೂ ಅಷ್ಟೇ ಇದೆ. ಧೂಮಕ್ಕೆ ಮಾತ್ರ ಯಾವ ಅಧಿಕಾರವೂ ಇಲ್ಲ. ಇದರಲ್ಲಿ ಸಂಶಯವುಳ್ಳವರು ಫಲಕದ ಕೆಳಗೇ ನಿಂತು ಪರೀಕ್ಷಿಸಬಹುದು. ಹಿಂದೆ 200 ರೂಪಾಯಿಯವರೆಗೆ ಇದ್ದ ದಂಡವು 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದಾಗಿ ಕರ್ನಾಟಕದಲ್ಲಿ 1,000 ರೂಪಾಯಿಯವರೆಗೆ ಏರಿದೆ.