ಕಾವಲ್ ವಿಭಜನ ಮೀಮಾಂಸೆ

ಡಿಸ್ಕಿನ ಪಾರ್ಟಿಷನ್ನುಗಳನ್ನು ಹಿಗ್ಗಿಸುವುದು, ಕುಗ್ಗಿಸುವುದು, ಹಳೆಯ ಫೈಲ್ ಸಿಸ್ಟಮ್ ಅಳಿಸಿ ಹೊಸದನ್ನು ಕೂರಿಸುವುದು ಇವೆಲ್ಲ ಕಡಲಾಚೆಯ ಕಂಪನಿಗಳು ಕಂಡುಹಿಡಿದ ವಿದ್ಯೆ ಎಂಬ ಭ್ರಮೆ ಪಂಡಿತರಲ್ಲಿ ಬಲವಾಗಿದೆ. ಈ ಪ್ರಬಂಧದ ಪ್ರತಿಜ್ಞೆ ಬೇರೆ. ಈ ವಿದ್ಯೆ ನಮ್ಮ ಮೈಸೂರು ಸೀಮೆಯದು, ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದದ್ದು, ಇದರ ಅತ್ಯಂತ ಪ್ರೌಢ ಪ್ರಯೋಗ ನಡೆದದ್ದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲು ಮತ್ತು ಅದರ ನೆರೆಯ ಕಾವಲುಗಳಲ್ಲಿ. ಆಕ್ಷೇಪವಿದ್ದವರು ಮೊದಲು ತಾಲ್ಲೂಕು ಕಚೇರಿಯಲ್ಲಿ ಸಾಲು ನಿಂತು ಪಹಣಿ ತೆಗೆಸಿಕೊಂಡು ಬರತಕ್ಕದ್ದು.

ಮೊದಲ ಆವೃತ್ತಿಯ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ ಅದು. ಮುಂದೆ ದಂಡಿನ ಸಾಮಾನು ಎಳೆಯುವ ಎತ್ತುಗಳೂ ಅದರದೇ ಹೊಣೆಯಾದವು. ಟಿಪ್ಪು ಸುಲ್ತಾನ ಒಂದಿಷ್ಟು ನಿಯಮ ಸೇರಿಸಿ ಅದಕ್ಕೆ ಅಮೃತ ಮಹಲ್ ಎಂದು ಹೊಸ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಪಾಸ್‌ವರ್ಡ್ ಇಂಗ್ಲಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸುವ ಉತ್ಸಾಹದಲ್ಲಿ ಅವರು ಡಿಲೀಟ್ ಒತ್ತಿ ಹಿಂಡುಗಳನ್ನು ಮಾರಿಬಿಟ್ಟರು. ಇಂಥ ಎತ್ತು ಬೇರೆಲ್ಲೂ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ, 1866ರಲ್ಲಿ, ಚದುರಿಹೋದ ತಳಿಯನ್ನು ಹುಡುಕಿ ಮತ್ತೆ ಹಿಂಡು ಕಟ್ಟಬೇಕಾಯಿತು. ಡೇಟಾ ರಿಕವರಿಯ ಚರಿತ್ರೆ ಬರೆದವರು ಈ ಇಸವಿಯನ್ನು ಬಿಟ್ಟಿರುವುದು ಅಕ್ಷಮ್ಯ.

ಇನ್ನು ಫೈಲ್ ಸಿಸ್ಟಮ್. ಉಳ್ಳಾರ್ತಿಯಂಥ ಅಮೃತ ಮಹಲ್ ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಹುಲ್ಲು ನೀರು ನೋಡಿಕೊಂಡು ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಕಾಲಾನಂತರ ಸುತ್ತಲ ಹಳ್ಳಿಗಳ ದನ, ಕುರಿ, ಆಡು ಸಹ ಅಲ್ಲೇ ಮೇದವು. ಜಾಗ ಒಂದೇ, ಬಳಸುವವರು ಹಲವರು, ನಡುವೆ ಗೋಡೆಯಿಲ್ಲ. ಆಪಲ್ ಕಂಪನಿ 2017ರಲ್ಲಿ ಎಪಿಎಫ್‌ಎಸ್ ಎಂಬ ಹೊಸ ಫೈಲ್ ಸಿಸ್ಟಮ್ ತಂದು, ಒಂದು ಕಂಟೇನರಿನೊಳಗಿನ ವಾಲ್ಯೂಮುಗಳೆಲ್ಲ ಖಾಲಿ ಜಾಗವನ್ನು ಸಾಮೂಹಿಕವಾಗಿ ಬಳಸುತ್ತವೆ, ಯಾವುದಕ್ಕೂ ಮೊದಲೇ ಅಳತೆ ಗೊತ್ತುಮಾಡಬೇಕಿಲ್ಲ ಎಂದು ಡಂಗುರ ಹೊಡೆಯಿತು. ಈ ಮಾತನ್ನು ಉಳ್ಳಾರ್ತಿಯ ಕುರಿಗಾಹಿಗೆ ಹೇಳಿನೋಡಿ. "ಅದ್ರಾಗೆ ಹೊಸದೇನೈತೆ ಸ್ವಾಮಿ?" ಎಂದಾನು. ಪೇಟೆಂಟ್ ಕಚೇರಿಯವರಿಗೆ ಈ ಪ್ರಶ್ನೆ ಹೊಳೆದಿಲ್ಲ.

ಆಮೇಲೆ ಈ ಕಾವಲುಗಳಿಗೆ ವಿಜ್ಞಾನ ನಗರಿ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಬಂತು. ಯಾವುದೇ ಇನ್‌ಸ್ಟಾಲರ್ ಮೊದಲು ಕೇಳುವುದು, ಎಲ್ಲಿ ಕೂರಲಿ ಎಂದು. ಸಾಗುವಳಿ ಇಲ್ಲ, ಮನೆ ಇಲ್ಲ, ಆದ್ದರಿಂದ ಖಾಲಿ ಎಂಬ ಉತ್ತರ ಸಿಕ್ಕಿತು. ಇಲ್ಲಿ ಓದುಗರು ಒಂದು ಶಾಸ್ತ್ರಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರು 512 ಬೈಟು. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ ಸಿಗುವುದು 64 ಬೈಟು, ಒಂದೊಂದು ನಮೂದಿಗೆ 16. ಅಂದರೆ ಪ್ರಧಾನ ಪಾರ್ಟಿಷನ್ನುಗಳು ನಾಲ್ಕೇ, ಐದನೆಯದು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಈಗ ಕಾವಲು ಜಮೀನಿನ ಮಂಜೂರಾತಿ ನೋಡಿ: ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಅಲ್ಲೇ ಇಸ್ರೋಗೆ 573. ಲೆಕ್ಕ ಹಾಕಿ, ನಾಲ್ಕೇ! ಕಂದಾಯ ಇಲಾಖೆಯಲ್ಲಿ ಇಷ್ಟು ಶಾಸ್ತ್ರನಿಷ್ಠರು ಇದ್ದಾರೆಂದು ಈ ಲೇಖಕ ಊಹಿಸಿರಲಿಲ್ಲ. ಖಾಸಗಿ ಸೌರವಿದ್ಯುತ್ ಕಂಪನಿಯೊಂದಕ್ಕೆ ಹೋದ 1,250 ಎಕರೆ ಐದನೆಯದಲ್ಲವೇ ಎಂದು ಪೂರ್ವಪಕ್ಷದವರು ಕುಣಿಯಬಾರದು. ಅದು ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನ ಒಳಗಿನ ಲಾಜಿಕಲ್ ಪಾರ್ಟಿಷನ್, ಶಾಸ್ತ್ರಸಮ್ಮತ. ಹೊಸ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್ನುಗಳವರೆಗೆ ಅವಕಾಶವಿದೆ. ದಯವಿಟ್ಟು ಈ ಸುದ್ದಿಯನ್ನು ಯಾರೂ ವಿಧಾನಸೌಧದವರೆಗೆ ಒಯ್ಯಬೇಡಿ.

ಭಾಭಾ ಕೇಂದ್ರದ ಪಾಲಿನಲ್ಲಿ ಯುರೇನಿಯಂ ಸಂವರ್ಧನೆಯ ಘಟಕ ಬರುತ್ತದೆಂಬುದು ಲೋಕಕ್ಕೇ ಗೊತ್ತು. ಹೆಚ್ಚಿನ ವಿವರ ಕೇಳಬಾರದು. ತಂತ್ರಜ್ಞರು ಇದನ್ನು ಹಿಡನ್ ಪಾರ್ಟಿಷನ್ ಎನ್ನುತ್ತಾರೆ.

ಪ್ರಬಂಧದ ತಿರುಳಿಗೆ ಬರೋಣ. ಪಾರ್ಟಿಷನ್ ಕುಗ್ಗಿಸುವ ಮುನ್ನ ಸಾಮಾನ್ಯವಾಗಿ ಅದನ್ನು ಅನ್‌ಮೌಂಟ್ ಮಾಡಬೇಕು, ಅದರ ಮೇಲೆ ಯಾವ ಕೆಲಸ ನಡೆಯುತ್ತಿದೆ ಎಂದು ಕೇಳಬೇಕು, ಬ್ಯಾಕಪ್ ಇರಬೇಕು. ಅಲುಗಿಸಲಾಗದ ಒಂದು ಫೈಲು ಅಡ್ಡ ಬಂದರೂ ವಿಂಡೋಸ್ ಅಲ್ಲಿಗೇ ನಿಂತು, ಇನ್ನು ಕುಗ್ಗಿಸಲಾರೆ ಎಂದು ಕೈಮುಗಿಯುತ್ತದೆ. ನಮ್ಮ ಇನ್‌ಸ್ಟಾಲರಿಗೆ ಇಂಥ ಹೇಡಿತನವಿಲ್ಲ. ಕಾವಲಿನ ಮೇಲೆ ಆ ಹೊತ್ತಿನಲ್ಲಿ ಕುರಿ ಮೇಯುತ್ತಿದ್ದವು, ಕುರಿಯ ಉಣ್ಣೆ ಚಳ್ಳಕೆರೆಯ ಮಗ್ಗಗಳಲ್ಲಿ ಕಂಬಳಿಯಾಗುತ್ತಿತ್ತು, ಕೃಷ್ಣಮೃಗ ಓಡಾಡುತ್ತಿತ್ತು. ಯಾರಿಗೂ ನೋಟಿಸ್ ಬರಲಿಲ್ಲ. ಊರಿನವರಿಗೆ ವಿಷಯ ತಿಳಿದದ್ದು ಕಾಂಪೌಂಡು ಗೋಡೆ ಎದ್ದಾಗ. ಮಂಜೂರಾತಿ ಆದೇಶ ಕ್ವಿಕ್ ಫಾರ್ಮ್ಯಾಟ್ ಇದ್ದಂತೆ, ಪಟ್ಟಿ ಮಾತ್ರ ಬದಲಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ದನಗಳು ಪಟ್ಟಿ ಓದದ ಕಾರಣ ಮೇಯುತ್ತಲೇ ಇದ್ದವು. ಗೋಡೆ ಬಂದ ಮೇಲೆ ಅವಕ್ಕೂ ಅರ್ಥವಾಯಿತು.

ದೂರು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಅದು 2014ರ ಆಗಸ್ಟಿನಲ್ಲಿ ಷರತ್ತುಗಳನ್ನು ಹಾಕಿ ಕೆಲಸ ಮುಂದುವರಿಯಲು ಬಿಟ್ಟಿತು. ಗೋಡೆಯನ್ನು ಹಿಂದಕ್ಕೆ ಸರಿಸಬಾರದೇ ಎಂದು ಕೇಳುವವರಿಗೆ ಲಿನಕ್ಸಿನವರ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ನೆನಪಿಸಬೇಕು. ಅದನ್ನು ಹಿಗ್ಗಿಸಲು ಬರುತ್ತದೆ, ಕುಗ್ಗಿಸಲು ಬರುವುದಿಲ್ಲ. ಸರ್ಕಾರಿ ಕಾಂಪೌಂಡುಗಳು ಇದೇ ಜಾತಿ.

ಹೊಸ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. 2017ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಅಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿಯಿತು. ಇದೆಲ್ಲಕ್ಕಿಂತ ಸೋಜಿಗದ್ದು ಉಳ್ಳಾರ್ತಿಯ ಎಮ್ಯುಲೇಟರ್. ಚಂದ್ರಯಾನದ ಲ್ಯಾಂಡರಿನ ಸೆನ್ಸರುಗಳು ಹಳ್ಳದಿಣ್ಣೆ ಗುರುತಿಸುತ್ತವೆಯೇ ಎಂದು ನೋಡಲು ಈ ಕಾವಲಿನಲ್ಲೇ ಕೃತಕ ಕುಳಿ ತೋಡಿ ಚಂದ್ರನ ನೆಲ ಮಾಡಿದರು. ಚಂದ್ರನಲ್ಲಿ ಹುಲ್ಲಿಲ್ಲದ್ದರಿಂದ ಅಲ್ಲಿ ಮೇಯಿಸುವ ಹಕ್ಕಿನ ಪ್ರಶ್ನೆ ಏಳುವುದಿಲ್ಲ. ಇಷ್ಟು ಗಟ್ಟಿಯಾದ ಕಾನೂನು ವಾದ ಯಾವ ವಕೀಲರಿಗೂ ಹೊಳೆದಿರಲಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ನಿಜವಾದ ಚಂದ್ರನ ಮೇಲೆ ಇಳಿದಾಗ ಚಳ್ಳಕೆರೆಯವರೂ ಎಲ್ಲರಂತೆ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದರು. ಹೊಡೆಯಲೇಬೇಕಾದ ಚಪ್ಪಾಳೆ ಅದು.

ಬ್ಯಾಕಪ್ ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನ ಕೇಂದ್ರವಿದೆ, ಹಸುವಿನ ಪ್ರತಿ ಅಲ್ಲಿ ಸಿಗುತ್ತದೆ. ಉಳ್ಳಾರ್ತಿ ಕಾವಲಿನ ಎರಡನೆಯ ಪ್ರತಿ ಯಾವ ಇಲಾಖೆಯಲ್ಲೂ ಇಲ್ಲ.