ಟರ್ಬೊಗೆ ಎಷ್ಟು ದೊಡ್ಡ ಮನೆ?

ಮೆಲ್ಬರ್ನಿನಲ್ಲಿ ಹಳೆಯ ನಿಸ್ಸಾನ್ 200ಎಸ್‌ಎಕ್ಸ್ ಕೊಂಡು, ಅದರ 2 ಲೀಟರ್ ಎಸ್‌ಆರ್20 ಎಂಜಿನ್ನಿಗೆ ಗ್ಯಾರೆಟ್ ಜಿಟಿ2871ಆರ್ ಟರ್ಬೊ ಕೂರಿಸಹೊರಟ ನಮ್ಮ ಹುಡುಗರ ನಿದ್ದೆ ಕೆಡಿಸುವುದು ಟರ್ಬೈನ್ ಹೌಸಿಂಗ್, ಅಂದರೆ ಟರ್ಬೈನ್ ಚಕ್ರ ತಿರುಗುವ ಮನೆ. ಎ/ಆರ್ 0.64 ಇರಲೋ, 0.86 ಇರಲೋ? ಮಗಳ ಮದುವೆಗೆ ಛತ್ರ ಗೊತ್ತುಮಾಡುವಾಗಲೂ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಾರರು.

ಎ/ಆರ್ ಅಂದರೆ, ಹೌಸಿಂಗಿನ ಸುರುಳಿದಾರಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಚಕ್ರದ ನಡುವಿನಿಂದ ಆ ದಾರಿಯ ನಡುವಿಗಿರುವ ದೂರದಿಂದ ಭಾಗಿಸಿದ ಲೆಕ್ಕ. 0.64ರಂತೆ ದಾರಿ ಇಕ್ಕಟ್ಟಾದರೆ ಹೊಗೆ ರಭಸದಿಂದ ನುಗ್ಗಿ ಚಕ್ರವನ್ನು ಗಿರ್ರನೆ ತಿರುಗಿಸುತ್ತದೆ. ಬೂಸ್ಟ್ ಬೇಗ ಹಾಜರ್. ಆದರೆ ಆರ್‌ಪಿಎಂ ಮುಳ್ಳು ಮೇಲೇರಿದಂತೆಲ್ಲ ಹೊರಹೋಗಲಾರದ ಹೊಗೆ ಎಂಜಿನ್ನಿಗೇ ತಿರುಗಿ ಒತ್ತುತ್ತದೆ. ದೊಡ್ಡದರಲ್ಲಿ ಮೇಲೆ ಉಸಿರಾಟ ಸರಾಗ, ಕೆಳಗೆ ಮಾತ್ರ ಆಕ್ಸಿಲರೇಟರ್ ತುಳಿದು ಕಾಯುತ್ತ ಕೂರಬೇಕು.

ಆರಿಸುವಾಗ ಎಲ್ಲರೂ ರೇಸ್ ಡ್ರೈವರುಗಳೇ! “ಟಾಪ್ ಎಂಡ್ ಬೇಕು ಮಾರಾಯ” ಅಂತ 0.86 ತರುತ್ತಾರೆ. ಆಮೇಲೆ ಕಾರು ಓಡುವುದು ಕೊತ್ತಂಬರಿ ಸೊಪ್ಪು ತರಲು. ಪಕ್ಕದಲ್ಲಿ ಕೂತ ಹೆಂಡತಿ, “ಟ್ರಾಮ್ ಮುಂದೆ ಹೋಯ್ತಲ್ರೀ?” ಅಂದರೆ, “ಇರೇ, ಬೂಸ್ಟ್ ಬರ್ತಾ ಇದೆ!”

ದಿನಾ ಓಡಿಸುವ ಕಾರಾದರೆ ಸುಮ್ಮನೆ 0.64 ಹಾಕಿಸಿಕೊಳ್ಳಿ. ದೊಡ್ಡದು ಟ್ರ್ಯಾಕಿಗೆ ಹೋಗುವವರಿಗಿರಲಿ.