ಆಕೆ ಹುಲಿ ಹಿಂದೆ, ನಾನು ಗಿರಾಕಿ ಹಿಂದೆ

ಗಂಡ ಹೆಂಡತಿ ಸೇರಿ ವ್ಯಾಪಾರ ಮಾಡಬಾರದು ಅಂತ ಹಿರಿಯರು ಹೇಳಿಲ್ಲ. ಹೇಳಿದ್ದರೆ ಅಂಬೇವಾಡಿಯಲ್ಲಿ ನಮ್ಮ ಹೋಮ್‌ಸ್ಟೇ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅದರ ಮೇಲೆ ನಮ್ಮ ಮನೆಯಾಕೆಗೆ ಕಾಡಿನ ಸಮೀಕ್ಷೆಯ ಕೆಲಸ ಬೇರೆ. 2015ರಲ್ಲಿ ಹೊಸ ಹೆಸರು ಪಡೆದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೆಳಕು ಹರಿಯುತ್ತಲೇ ಹೆಜ್ಜೆಗುರುತು, ಹಿಕ್ಕೆ, ಮರದ ಮೇಲಿನ ಪರಚು ಹುಡುಕುತ್ತ ನಡೆಯಬೇಕು. ಕ್ಯಾಮೆರಾಗಳನ್ನು ಎದುರುಬದುರು ಕಟ್ಟಬೇಕು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲವಲ್ಲ! ನಮ್ಮ ಲೆಕ್ಕದ ಪುಸ್ತಕವೂ ಹಾಗೇ: ಆಕೆ ಬರೆದ ಪುಟಕ್ಕೂ ನಾನು ಬರೆದ ಪುಟಕ್ಕೂ ತಾಳೆಯಾಗದು.

ಜೋಯಿಡಾದ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಅಪರೂಪ. ಸಿಕ್ಕ ಅರೆಗಳಿಗೆಯಲ್ಲೂ ಆಕೆ ನನ್ನ ಆರೋಗ್ಯ ವಿಚಾರಿಸುವುದಿಲ್ಲ. "ರೀ, ದೋಸೆ ಹಿಟ್ಟು ರುಬ್ಬಿ ಇಟ್ಟೀರೇನು? ಹುಬ್ಬಳ್ಳಿಯವರ ಅಡ್ವಾನ್ಸ್ ಬಂತೇನು?" ಅಷ್ಟರಲ್ಲಿ ಲೈನ್ ಕಟ್.

ಇತ್ತ ಗಿರಾಕಿಗಳು ರಾಫ್ಟಿಂಗ್ ಎಷ್ಟೊತ್ತಿಗೆ ಅಂತ ನನ್ನ ಬೆನ್ನು ಹತ್ತುತ್ತಾರೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ತಾನೇ ಕಾಳಿ ನದಿಯಲ್ಲಿ ರಾಫ್ಟ್ ಓಡುವುದು? ಆ ನೀರು ಬಿಡುವುದು ಕರೆಂಟಿನ ಬೇಡಿಕೆ ನೋಡಿ, ನಮ್ಮ ತಿಂಡಿಯ ಹೊತ್ತು ನೋಡಿ ಅಲ್ಲ. ಮುಂದಿನ ಪ್ರಶ್ನೆ: "ಹುಲಿ ಗ್ಯಾರಂಟಿನಾ?" ಕಾಡು ಅಲೆದು ಚಪ್ಪಲಿ ಸವೆಸಿದ ಆಕೆಗೇ ಹೆಚ್ಚಾಗಿ ಸಿಗುವುದು ಹಿಕ್ಕೆ. ಅಂಗಳದಲ್ಲಿ ಕೂತವರಿಗೆ ಹುಲಿ ಎಲ್ಲಿಂದ ತರಲಿ?

ದಾಂಡೇಲಿ ಕಡೆ ಬಂದರೆ ಮಂಗಟ್ಟೆ ಹಕ್ಕಿ ನೋಡಿ, ಹೊಟ್ಟೆ ತುಂಬ ಉಣ್ಣಿ. ರಿಯಾಯಿತಿ ಮಾತ್ರ ಆಕೆ ಕಾಡಿನಿಂದ ಬರುವ ಮೊದಲೇ ಕೇಳಿ.